ಡಬ್ಬಿಗೆ ಹೊಲಿದ ಉಣ್ಣೆ ಅಂಗಿ

ಕೆಂಪು ನೂಲು, ಹಿಮದ ಬಿಸಿಲಿಗೆ ಕಣ್ಣು ಚುಚ್ಚುವಷ್ಟು ಕೆಂಪು, ಕಂಬದ ಮೇಲಿನ ಡಬ್ಬಿಗೆ ದಪ್ಪ ಉಣ್ಣೆಯ ಅಂಗಿ, ಅದರ ಹಸಿರು ದೀಪ ಕಾಣಲಿ ಅಂತ ಒಂದು ತೂತು, ತೂತಿನ ಸುತ್ತ ಒತ್ತೊತ್ತಾಗಿ ಹೊಲಿಗೆ — ಶಾರ್ಕನ್ ಅಜ್ಜಿಯದೇ ಕೈ, ಎಳೆಯ ಕುರಿಮರಿಗೂ ಹೀಗೇ ಹೊಲಿಯುತ್ತಾಳೆ, ಅಂದುಕೊಂಡಳು ಅನಿಪಾ, ಕೈಗವಸು ಕಳಚಿದಳು, ಮತ್ತೆ ಹಾಕಿಕೊಂಡಳು. ಕೆಳಗೆ ಅಂಗಳದಲ್ಲಿ ಹೊಗೆ, ಅಜ್ಜಿಯ ಮಗ ಬೆಕ್ಜಾನ್ ಸತ್ತ ನಲವತ್ತನೇ ದಿನದ ಊಟಕ್ಕೆ ಕುದುರೆ ಮಾಂಸ ಬೇಯುತ್ತಿದೆ, ಊಟಕ್ಕೆ ಮೊದಲು ಬ್ಯಾಟರಿ ಬದಲಿಸಿ ಬರುತ್ತೇನೆ ಅಂತ ಸುಳ್ಳು ಹೇಳಿ ಬಂದಿದ್ದಾಳೆ, ಬ್ಯಾಟರಿಗೇನು ಧಾಡಿ, ತುಂಬಿಯೇ ಇದೆ. ಶರತ್ಕಾಲದಲ್ಲಿ ಅಜ್ಜಿಯ ಗಂಡ ಮೊಲ್ಡೊಕುಲ್ ಅಜ್ಜ ಕೇಳಿದ್ದ, ಹೋದ ಚಳಿಗಾಲ ನಿನ್ನ ಡಬ್ಬಿ ಯಾಕೆ ಬಾಯಿ ಮುಚ್ಕೊಂಡಿತ್ತು ಮಗಳೇ, ಇವಳು ಗಾಡಿ ಹತ್ತುತ್ತಾ, ಚಳಿ ಅಜ್ಜ, ಚಳಿಗೆ ಬ್ಯಾಟರಿ ಸತ್ತೋಗುತ್ತೆ ಅಂದಳು, ಅಷ್ಟೇ, ಉಳಿದರ್ಧ ಹೇಳಲಿಲ್ಲ — ಗುಡ್ಡದ ಹಿಮ ಕುಸಿಯುವ ಮುನ್ನ ಎಚ್ಚರಿಸಲು ಅದು ಅರ್ಧ ಗಂಟೆಗೊಮ್ಮೆ ಎದ್ದು ಗಾಳಿ ಮುಟ್ಟಿ ನೋಡುತ್ತದೆ, ಬಿಸಿ ಥಟ್ಟನೆ ಏರಿದ್ದರೆ ತಾನೇ ಕೆಳಗಿನ ಮನೆಯ ಸೈರನ್ ಕೂಗಿಸುತ್ತದೆ, ಮೆಲ್ಲಗೆ ಏರಿದ್ದರೆ ಬ್ಯಾಟರಿ ಉಳಿಸಲು ಮತ್ತೆ ಮಲಗುತ್ತದೆ, ಅದಕ್ಕೆ ಏನೂ ಹೊದಿಸಬಾರದು ಅಜ್ಜ, ಇಷ್ಟು ಹೇಳಲು ಎಷ್ಟು ಹೊತ್ತು ಬೇಕಿತ್ತು. ನಡುಗುವುದಕ್ಕೆ ಹೊದಿಸುವ ಜನ, ಹೊದಿಸಿದರು.

ಆಫೀಸಿನಲ್ಲಿ ಮೂರು ತಿಂಗಳು ಈ ಡಬ್ಬಿ ಕಳಿಸುವ ಬಿಸಿಯ ಗೆರೆ ನೋಡಿದ್ದಾಳೆ, ಬೇರೆ ಕಂಬಗಳ ಗೆರೆಯೆಲ್ಲ ಗರಗಸ, ಹಗಲು ಏರು ರಾತ್ರಿ ಇಳಿ, ಇದೊಂದು ಮಾತ್ರ ನುಣುಪು, ನನ್ನ ಡಬ್ಬಿ ಎಷ್ಟು ಸಾಧು ನೋಡಿ ಅಂತ ಚಹಾ ಹೀರುತ್ತಾ ಹೇಳಿದ್ದಳು, ಸಾಧು ಆದ್ರೆ ಒಂದ್ಸಲ ಹೋಗಿ ನೋಡ್ಕೊಂಡು ಬಾರಮ್ಮ, ಸಾಧು ಎತ್ತೇ ಹಾಯೋದು ಅಂದಿದ್ದರು ಮೇಲಿನವರು, ಐದು ಗಂಟೆಯ ದಾರಿ, ಹೋಗಲಿಲ್ಲ, ಸೋಮಾರಿತನ, ಬೇರೆ ಹೆಸರು ಯಾಕೆ ಇಡಬೇಕು ಅದಕ್ಕೆ. ನಲವತ್ತು ದಿನದ ಹಿಂದೆ, ಆ ಮಧ್ಯಾಹ್ನ, ಬೆಚ್ಚನೆ ಗಾಳಿ ಬೀಸಿತು, ಹಿಮ ಸಡಿಲಾಯಿತು, ಬೆಕ್ಜಾನ್ ಹುಲ್ಲಿನ ಜಾರುಬಂಡಿ ಎಳೆದುಕೊಂಡು ಕಣಿವೆಗೆ ಇಳಿದ, ಡಬ್ಬಿ ಉಣ್ಣೆಯೊಳಗೆ ಮಲಗಿತ್ತು, ಬಿಸಿ ಅದರ ಮೈಗೆ ತಾಕುವಷ್ಟರಲ್ಲಿ ಹಿಮ ಕುಸಿದು ಅವನ ಮೇಲೆ ಬಿದ್ದಾಗಿತ್ತು, ಜನ ಸಲಿಕೆ ಹಿಡಿದು ಅಗೆಯುತ್ತಿದ್ದರು. ಬ್ಯಾಟರಿ ದೋಷ ಅಂತ ಬರೆದರೆ ಯಾರೂ ಕೇಳುವುದಿಲ್ಲ, ಅಜ್ಜಿಗೆ ಗೊತ್ತಾಗುವುದಿಲ್ಲ, ತನಗೂ — ಆದರೆ ನಾಳೆ ಅದೇ ಕಣಿವೆಯಲ್ಲಿ ಹುಲ್ಲು ಒಯ್ಯುವವಳು ಬೆಕ್ಜಾನನ ಹೆಂಡತಿ. ಹಾಗಾದರೆ ಹೇಳುವುದೆಂತು, ನಿನ್ನ ಸೂಜಿಯೇ ಮಗನನ್ನು ತಿಂತು ಅಂತಲೇ, ನಲವತ್ತರ ಅನ್ನ ಉಂಡು ಕೈ ಒರೆಸಿಕೊಂಡು ಹೇಳುವುದೇ, ದೇವರೇ. ಕೊನೆಗೂ ಚಾಕು ತೆಗೆದಳು, ನೂಲು ಕತ್ತರಿಸಿದಳು, ಡಬ್ಬಿ ಬರಿಮೈಯಲ್ಲಿ ನಿಂತಿತು.

ಕುದುರೆ ಬುಸುಗುಟ್ಟುವ ಸದ್ದು, ಅಜ್ಜನೇ ಹತ್ತಿ ಬಂದಿದ್ದಾನೆ, ಗಡ್ಡದಲ್ಲಿ ಮಂಜು, ಕಿತ್ತುಬಿಟ್ಯಾ, ಒಳ್ಳೇದಾಯ್ತು ಮಗಳೇ ಅನ್ನುತ್ತಿದ್ದಾನೆ, ನನ್ನವಳು ಹೇಳಿದ್ಲು, ಒಂದೇ ಪದರ ಹೊಲಿದಿದ್ದು ನಂದೇ ತಪ್ಪು, ಪಾಪ ಅದು ಚಳಿಗೆ ಸತ್ತೋಗಿ ಕೂಗ್ಲಿಲ್ಲ ಅಂತ, ರಾತ್ರಿಯೆಲ್ಲ ಅದೇ ಜಪ, ತಗೋ, ಈ ಸಲ ಎರಡು ಪದರ. ಎದೆಯೊಳಗಿಂದ ತೆಗೆದ, ಬೆಕ್ಜಾನನ ತಡಿಯ ಕೆಳಗೆ ಹಾಸುತ್ತಿದ್ದ ಉಣ್ಣೆ ಅದು, ಕುದುರೆ ಬೆವರಿನ ವಾಸನೆ ಇನ್ನೂ ಇದೆ, ಕತ್ತರಿಸಿ ಹೊಲಿದದ್ದು, ಬಿಸಿಯಾಗಿದೆ, ಅನಿಪಾಳ ಅಂಗೈಯಲ್ಲಿ ಕೂತಿದೆ. ಅಜ್ಜ, ಇದನ್ನ ಹಾಕೋ ಹಾಗಿಲ್ಲ. ಯಾಕೆ ಮಗಳೇ. ಯಾಕೆ ಅಂದರೆ ಅಜ್ಜ, ಯಾಕೆ ಅಂದರೆ — ತೂತು, ಹೊಸ ತೂತು, ಸುತ್ತ ಕೆಂಪು ನೂಲು, ಮೊದಲಿನದಕ್ಕಿಂತ ಒತ್ತಾಗಿ, ಮುದುಕಿಯ ಕಣ್ಣಿಗೆ ಕಾಣದೆ ಅಲ್ಲಲ್ಲಿ ಸೊಟ್ಟ, ಕೆಂಪು ನೂಲು, ಕೆಂಪು —