ಗೆರೆಯಾಚೆ ಇಟ್ಟ ಇಲಿ

ಗೋಕಾಕದ ಗಿರಣಿ ಚಾಳಿನಲ್ಲಿ ಕಾಶೆವ್ವನ ಖೋಲಿಯಂಥ ಖೋಲಿ ಇನ್ನೊಂದಿರಲಿಲ್ಲ. ಒಂದೇ ಕೋಣೆ, ಅದರಲ್ಲೇ ಒಲೆ, ಅದರಲ್ಲೇ ಹಾಸಿಗೆ, ಅದರಲ್ಲೇ ಲಿಂಗಪೂಜೆ. ಆದರೂ ನೆಲ ಹೇಗಿತ್ತೆಂದರೆ ಅನ್ನ ಚೆಲ್ಲಿದರೆ ಬಳಿದುಕೊಂಡು ಉಣ್ಣಬಹುದು. ಮೇಲವಂಕಿಯಿಂದ ಗಂಡ ಉದ್ದಪ್ಪನ ಬೆನ್ನು ಹತ್ತಿ ಬಂದಾಗ ಆಕೆ ತಂದದ್ದು ಎರಡು ಗಡಿಗೆ, ಒಂದು ಕೌದಿ, ಮತ್ತೆ ಈ ಠೇಂಕಾರ. ಉಳಿದ ಚಾಳೆಲ್ಲ ಆಕೆಯ ಬಾಯಲ್ಲಿ ಮೇಲೆ ಥಳುಕು, ಒಳಗೆ ಹುಳುಕು. ಬಾಜೂ ಖೋಲಿಯ ಮರೆವ್ವನಿಗೆ ಆ ಥಳುಕೂ ಇರಲಿಲ್ಲ ಅನ್ನಿ. ಗಂಡ ತೀರಿದವಳು, ಗಿರಣಿಯಿಂದ ಬಂದು ಬಿದ್ದರೆ ಮುಸುರೆ ಪಾತ್ರೆ ಬೆಳಗಿನತನಕ ಬಾಗಿಲಲ್ಲೇ. ಕಾಶೆವ್ವ ಪಡಸಾಲೆಯಲ್ಲಿ ತನ್ನ ಪಾಲಿನಷ್ಟನ್ನೇ ಗೆರೆ ಕೊರೆದಂತೆ ಗುಡಿಸಿ, ಮೂಗಿಗೆ ಸೆರಗು ಹಿಡಿದು ಒಳಗೆ ಹೋಗುತ್ತಿದ್ದಳು. ಮರೆವ್ವ ನಗುತ್ತಿದ್ದಳು. ಅದೂ ಇವಳಿಗೆ ಉರಿ.

ಆ ವರ್ಷ ಹುಕ್ಕೇರಿ ಕಡೆಯಿಂದ ಪ್ಲೇಗು ಬಂತು. ಯಾರ ಖೋಲಿಯಲ್ಲಿ ಇಲಿ ಸತ್ತು ಬೀಳುತ್ತದೋ ಅವರು ಅಂದೇ ಖೋಲಿ ಬಿಟ್ಟು ಹೊಲದ ಜೋಪಡಿಗೆ ಹೋಗಬೇಕೆಂದು ಅಪ್ಪಣೆಯಾಯಿತು. ಜೋಪಡಿ ಕಡಿಮೆ, ಉಳಿದವರ ಪಾಳಿ ಆಮೇಲೆ. ಹೊಲಸು ಮನೆಯಲ್ಲಷ್ಟೇ ಇಲಿ ಬೀಳುತ್ತದೆ ಎಂದು ಚಾಳಿನ ಹೆಂಗಸರು ನಂಬಿದ್ದರು. ಹೇಳಿ ಹೇಳಿ ನಂಬಿಸಿದವಳು ಕಾಶೆವ್ವನೇ.

ಒಂದು ನಸುಕಿನಲ್ಲಿ ಜೋಳದ ಗಡಿಗೆ ಸರಿಸಿದರೆ ಹಿಂದೆ ಇಲಿ ಸತ್ತು ಬಿದ್ದಿತ್ತು. ಕಾಶೆವ್ವನ ಜೀವ ಬಾಯಿಗೆ ಬಂತು. ಪ್ಲೇಗಿಗೆ ಹೆದರಿ ಅಲ್ಲ, ನಾಚಿಕೆಗೆ. ಉದ್ದಪ್ಪ ಗಿರಣಿಗೆ ಹೋಗಿದ್ದ, ಮಗಳು ಬಾಳವ್ವ ಕೌದಿಯೊಳಗೆ ನಿದ್ದೆಯಲ್ಲಿದ್ದಳು. ತಾನು ಗಂಟುಮೂಟೆ ಹೊತ್ತು ಹೊರಟದ್ದು, ಮರೆವ್ವ ಬಾಗಿಲಲ್ಲಿ ನಿಂತು ನಕ್ಕದ್ದು ಕಣ್ಣಿಗೆ ಕಟ್ಟಿತು. ಇಲಿಯನ್ನು ಮೊರದಲ್ಲಿ ಎತ್ತಿಕೊಂಡಳು, ಪಡಸಾಲೆಯ ಗೆರೆ ದಾಟಿದಳು, ಮರೆವ್ವನ ಮುಸುರೆ ಪಾತ್ರೆಗಳ ನಡುವೆ ಹಾಕಿ ಬಂದಳು. ಆಮೇಲೆ ಒಲೆಯ ಸುತ್ತ ಸಗಣಿಯಿಂದ ಸಾರಿಸಿದಳು.

ಮರೆವ್ವ ಮಕ್ಕಳನ್ನು ಕಟ್ಟಿಕೊಂಡು ತಲೆ ತಗ್ಗಿಸಿ ಹೊಲಕ್ಕೆ ಹೋದಳು. ಕಾಶೆವ್ವನಿಗೆ ಒಂದು ಗಳಿಗೆ ಹಾಯೆನಿಸಿತು. ಹಾಳು ಮನಸ್ಸೇ ಹಾಗೆ. ಸುಣ್ಣ ಹೊಡೆದದ್ದು, ಕೀಲಿ ಜಡಿದದ್ದು ಮರೆವ್ವನ ಖೋಲಿಗೆ. ಈ ಚೊಕ್ಕ ಖೋಲಿಯತ್ತ ಯಾರೂ ಹಣಿಕಿ ಹಾಕಲಿಲ್ಲ. ಮಗಳನ್ನು ಕರೆದುಕೊಂಡು ತಾನೂ ಹೊಲಕ್ಕೆ ಹೋಗಬೇಕೆಂದು ಆಕೆಗೆ ಅನ್ನಿಸದೆ ಇರಲಿಲ್ಲ. ಹೋದರೆ ಯಾಕೆಂದು ಕೇಳುತ್ತಾರಲ್ಲ. ಗಂಡನಿಗೂ ಹೇಳಲಿಲ್ಲ. ಇಲಿ ಹೋಗಿತ್ತು, ಅದರ ಮೈಯಿಂದ ಇಳಿದ ರೋಗದ ಚಿಕ್ಕಾಡುಗಳು ಕೌದಿಯಲ್ಲೇ ಉಳಿದಿದ್ದವು.

ವಾರ ತುಂಬುವುದರೊಳಗೆ ಬಾಳವ್ವನಿಗೆ ಜ್ವರ ಬಂತು, ತೊಡೆಸಂದಿಯಲ್ಲಿ ಗಂಟು ಎದ್ದಿತು. ಅಮಾವಾಸ್ಯೆಗೆ ಮುಂಚೆಯೇ ಆಕೆಯನ್ನು ಮಣ್ಣು ಮಾಡಿ ಬಂದರು.

ಸುದ್ದಿ ಕೇಳಿ ಮರೆವ್ವ ಹೊಲದಿಂದ ಬಂದಳು. ಆಕೆಯ ಮಕ್ಕಳು ಜೋಪಡಿಯಲ್ಲಿ ಗಟ್ಟಿಮುಟ್ಟಾಗಿದ್ದವು. ಪಡಸಾಲೆಯ ಗೆರೆಯ ಆಚೆಗೇ ನಿಂತಳು.

"ನಿನ್ನಂಗ ಮನಿ ಇಟ್ಟಾಕಿ ಈ ಚಾಳಿನ್ಯಾಗ ಯಾರದಾರ ಯಕ್ಕಾ? ನನ್ನ ಹೊಲಸು ನಿನ್ನ ಕೂಸಿಗೆ ಹತ್ತೇತಿ. ತಪ್ಪಾತವ್ವಾ."

ಒಳಗೆ ಬಾ ಅನ್ನಲು ಕಾಶೆವ್ವ ಬಾಯಿ ತೆರೆದಳು.

"ಬ್ಯಾಡವ್ವಾ, ನಾ ಬಂದ್ರ ಮತ್ತ ಹೊಲಸಾಗತೈತಿ," ಅಂದಳು ಮರೆವ್ವ.

ಖರೆ ಮಾತು ಕಾಶೆವ್ವನ ನಾಲಿಗೆಯ ತುದಿಗೆ ಬಂತು, ಅಲ್ಲೇ ನಿಂತಿತು. ಪ್ಲೇಗು ಹೋದ ಮೇಲೂ ಚಾಳಿನವರು ಮರೆವ್ವನನ್ನು ಮತ್ತೆ ಒಳಗೆ ಸೇರಿಸಲಿಲ್ಲ; ಆಗಲೂ ಅದು ಹೊರಬೀಳಲಿಲ್ಲ.

ಕಾಶೆವ್ವ ಈಗ ಗೆರೆಯಾಚೆಗೂ, ಆ ಕೀಲಿ ಜಡಿದ ಬಾಗಿಲವರೆಗೂ ಗುಡಿಸುತ್ತಾಳೆ. ಎಷ್ಟು ದೊಡ್ಡ ಮನಸ್ಸು ಅನ್ನುತ್ತಾರೆ ಚಾಳಿನ ಹೆಂಗಸರು.