ಎರಡು ಹೊತ್ತು ಕರೆದು ನೋಡಿದ ಲ್ಯಾಪ್‌ಟಾಪ್

ಪುಷ್ಪಳ ಹಸುವನ್ನು ಕೊಂಡವನು ಎರಡು ಹೊತ್ತು ಹಾಲು ಕರೆದು ನೋಡಿದ ಮೇಲೆಯೇ ದುಡ್ಡು ಬಿಚ್ಚಿದ. ಕಾಮಸಮುದ್ರದ ಕಡೆಯ ಮನುಷ್ಯ, ಮುನಿಸ್ವಾಮಪ್ಪ ಅಂತ ಹೆಸರು. ಸಂಜೆ ಬಂದವನು ಹಲ್ಲು ನೋಡಿದ, ಸುಳಿ ನೋಡಿದ, ತಾನೇ ಕುಕ್ಕರಗಾಲಲ್ಲಿ ಕೂತು ಕರೆದ. ರಾತ್ರಿ ಅವರ ಜಗಲಿಯ ಮೇಲೇ ಮಲಗಿದ್ದು ಬೆಳಿಗ್ಗೆ ಎದ್ದು ಇನ್ನೊಂದು ಸಲ ಕರೆದ. ಸೀಮೆಹಸುವಿನ ವ್ಯಾಪಾರ ಆ ಕಡೆ ನಡೆಯುವುದೇ ಹಾಗೆ. ಅದನ್ನು ಯಾರೂ ಅನುಮಾನ ಅನ್ನುವುದಿಲ್ಲ, ಯಾರಿಗೂ ಬೇಜಾರೂ ಇಲ್ಲ.

ಹಸು ಪುಷ್ಪಳದೇ. ಮದುವೆಯಲ್ಲಿ ತವರಿನವರು ಕೊಟ್ಟ ಹಸುವಿನ ಕರು ಬೆಳೆದು ಮೊದಲ ಸೂಲು ಈದಿತ್ತು. ಅದನ್ನು ಮಾರಿ ಲ್ಯಾಪ್‌ಟಾಪ್ ತರುತ್ತೇನೆ ಅಂದಾಗ ಗಂಡ ಕಾಂತರಾಜ್ ಟೊಮೆಟೊ ಲಾರಿ ತಗೊಂಡು ಚೆನ್ನೈಗೆ ಹೊರಡುವ ಆತುರದಲ್ಲಿದ್ದ. ಬೇಡ ಅನ್ನಲಿಲ್ಲ, "ಅಣ್ಣನ್ನ ಒಂದು ಮಾತು ಕೇಳು" ಅಂತ ಹೇಳಿ ಹೋದ. ಗ್ರಹಚಾರ ಶುರುವಾದದ್ದೇ ಅಲ್ಲಿಂದ.

ಅಣ್ಣ ಅಂದರೆ ಕಾಂತರಾಜನ ಅಣ್ಣ ಸುಧಾಕರ್. ಬೆಂಗಳೂರಿನ ಒಂದು ಕಂಪನಿಯ ಉಗ್ರಾಣದಲ್ಲಿ ಕೆಲಸ, ವಾರಕ್ಕೊಮ್ಮೆ ಊರಿಗೆ ಬರುತ್ತಾನೆ. ಮನೆಯಲ್ಲಿ ಯಾರು ಏನು ಕೊಂಡರೂ, ಒಂದು ಮಿಕ್ಸಿಯೇ ಆಗಲಿ, ಅವನ ಬಾಯಿಂದ ಒಂದು ತೀರ್ಪು ಬರಲೇಬೇಕು. ಫೋನಿನಲ್ಲಿ ವಿಷಯ ಕೇಳಿದವನೇ ನಕ್ಕ.

"ಆ ರೇಟಿಗೆ ಸಿಗೋದು ಲ್ಯಾಪ್‌ಟಾಪ್ ಅಲ್ಲ ಪುಷ್ಪ, ಪ್ಲಾಸ್ಟಿಕ್ ಡಬ್ಬ. ನಮ್ಮ ಆಫೀಸಲ್ಲಿ ಅಂಥದ್ದನ್ನ ಸೆಕ್ಯುರಿಟಿ ಅವನೂ ಮುಟ್ಟಲ್ಲ. ತಗೊಂಡ್ರೆ ಒಳ್ಳೇದು ತಗೋ, ಇಲ್ಲಾಂದ್ರೆ ಸುಮ್ಮನಿರು."

ಅವನು ಹೇಳುವ ಒಳ್ಳೆಯದಕ್ಕೆ ಎರಡು ಹಸು ಮಾರಬೇಕಿತ್ತು. ಅವಳಿಗಿದ್ದದ್ದು ಒಂದು. ಹಾಗಾಗಿ ಆ ಮಾತಿನಲ್ಲಿ ಅವಳ ಪಾಲಿಗೆ ಉಳಿದದ್ದು 'ಸುಮ್ಮನಿರು' ಅನ್ನುವುದಷ್ಟೇ. ಸುಮ್ಮನಿದ್ದೂ ಇದ್ದೂ ಅವಳಿಗೆ ಸಾಕಾಗಿ ಹೋಗಿತ್ತು.

ಯಾಕೆಂದರೆ ಪುಷ್ಪ ಹತ್ತು ವರ್ಷದಿಂದ ಮಾರಿಕುಪ್ಪಂ ರೈಲಿನಲ್ಲಿ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋಗಿ ಬರುತ್ತಿದ್ದಳು. ಹೋಗುವಾಗ ಬಂಗಾರಪೇಟೆಯಿಂದ ನಿಂತೇ ಪಯಣ, ಬರುವಾಗಲೂ ಬಹುಪಾಲು ನಿಂತೇ. ನಡುವೆ ದಿನವಿಡೀ ನಿಂತೇ ಬಟ್ಟೆ ಚೆಕ್ ಮಾಡುವ ಕೆಲಸ, ಸೂಪರ್‌ವೈಸರನ ಬೈಗುಳ, ಅವನಿಗೆ ಮಾತ್ರ ಕೂರಲು ಕುರ್ಚಿ. ಕಳೆದ ವರ್ಷ ಅವಳು ಭಾನುವಾರದ ನಿದ್ದೆ ಬಿಟ್ಟು ನಂದಿದುರ್ಗ ಚಿನ್ನದ ಗಣಿಯ ಹಳೇ ಕಾರ್ಮಿಕರ ಲೈನ್ ಮನೆಯೊಂದರಲ್ಲಿ ಕಂಪ್ಯೂಟರ್ ಕಲಿತಳು. ಕಲಿಸುವ ತಮಿಳು ಟೀಚರ್ ತಪ್ಪು ಮಾಡಿದರೆ "ಐಯ್ಯೋ ಕಣ್ಣು, ಮತ್ತೆ ಅಡಿ" ಅನ್ನುವವಳು. ಕಣ್ಣು ಅಂದರೆ ಬಂಗಾರ, ಅಡಿ ಅಂದರೆ ಬಡಿ. ಪುಷ್ಪ ಕೀಲಿಗಳನ್ನು ಹಾಗೇ ಬಡಿದು ಬಡಿದು ಕಲಿತಳು.

ಬಂಗಾರಪೇಟೆಯಲ್ಲಿ ಅಂಗಡಿಯವರ ತೆರಿಗೆ ಲೆಕ್ಕ ನೋಡುವ ಶ್ಯಾಮಲ ಮೇಡಂ ಒಂದು ಮಾತು ಕೊಟ್ಟಿದ್ದರು. ಸ್ವಂತ ಲ್ಯಾಪ್‌ಟಾಪ್ ಇದ್ದರೆ ಬಿಲ್ಲುಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಮನೆಯಲ್ಲೇ ಮಾಡಬಹುದು. ಮೊದಲಿಗೆ ಒಂದು ಕಟ್ಟು ಕೊಡುತ್ತಾರೆ, ಭಾನುವಾರ ರಾತ್ರಿಯೊಳಗೆ ಮುಗಿಸಿ ಕಳಿಸಬೇಕು. ಆಗದಿದ್ದರೆ ಆ ಕೆಲಸಕ್ಕೆ ಕಾದಿರುವವರು ಬೇರೆ ಇದ್ದಾರೆ. ಪುಷ್ಪಳ ಪಾಲಿಗೆ ಮಾತು ಇಷ್ಟೇ: ಈ ಭಾನುವಾರ ಆದರೆ ಆಯಿತು, ಇಲ್ಲದಿದ್ದರೆ ಮತ್ತೆ ಅದೇ ರೈಲು.

ಶುಕ್ರವಾರ ಸಂಜೆ ರೈಲಿಳಿದವಳು ನೇರವಾಗಿ ಬಂಗಾರಪೇಟೆಯ ಕಂಪ್ಯೂಟರ್ ಅಂಗಡಿಗೆ, ವೇಣು ಅನ್ನುವವನ ಅಂಗಡಿಗೆ, ಹೋದಳು. ವೇಣು ಸೀಲು ಹಾಕಿದ ಡಬ್ಬವೊಂದನ್ನು ಮೇಜಿನ ಮೇಲಿಟ್ಟು ಬಿಲ್ ಪುಸ್ತಕ ಎಳೆದುಕೊಂಡ.

"ತೆಗೆದು ಕೊಡಪ್ಪ, ಕೆಲಸ ಮಾಡಿ ನೋಡ್ತೀನಿ" ಅಂದಳು.

"ಸೀಲ್ ಒಡೆದ್ರೆ ತಗೊಂಡಂಗೇ ಅಕ್ಕ. ನೋಡೋಕೆ ಅಲ್ಲಿ ಐತಲ್ಲ, ಇದೇ ಮಾಡೆಲ್ಲು." ಗಾಜಿನ ಪಕ್ಕ ಎಲ್ಲರ ಕೈಗೂ ಸಿಗುವಂತೆ ಇಟ್ಟಿದ್ದ ಒಂದನ್ನು ತೋರಿಸಿದ.

ಪುಷ್ಪ ಸ್ಟೂಲ್ ಎಳೆದುಕೊಂಡು ಕೂತಳು. ಪೆನ್‌ಡ್ರೈವ್ ಹಾಕಿ, ಬ್ಯಾಗಿನಿಂದ ಹಳೆಯ ಬಿಲ್ಲುಗಳನ್ನು ತೆಗೆದು ಒಂದೊಂದಾಗಿ ಬಡಿಯತೊಡಗಿದಳು. ಐದು ನಿಮಿಷ ನೋಡಿ ಏಳುತ್ತಾಳೆ ಅಂದುಕೊಂಡಿದ್ದ ವೇಣು ಅಂಗಡಿಗೆ ಬಾಗಿಲು ಎಳೆಯುವ ಹೊತ್ತಿಗೂ ಅವಳು ಅಲ್ಲೇ ಇದ್ದಳು.

"ಏನಕ್ಕ, ತಗೋತೀರಾ?"

"ಬೆಳಿಗ್ಗೆ ಇನ್ನೊಂದು ಹೊತ್ತು ನೋಡ್ತೀನಿ, ಆಮೇಲೆ ಮಾತು."

"ಇನ್ನೊಂದು ಹೊತ್ತಾ?"

"ನನ್ನ ಅಸುನ ಎರಡು ಹೊತ್ತು ಕರೆದು ನೋಡಿ ದುಡ್ಡು ಕೊಟ್ಟವ್ರೆ. ಅದೇ ದುಡ್ಡು ಇದು. ನಾನು ಮಾತ್ರ ಮುಖ ನೋಡಿ ಕೊಟ್ಟು ಓಗ್ಬೇಕಾ?"

ಚಾರ್ಜರ್ ಕೊಳ್ಳಲು ಬಂದಿದ್ದ ಒಬ್ಬ ಕಿಸಕ್ಕನೆ ನಕ್ಕು, "ಅಕ್ಕ, ಬಿಂದಿಗೆ ತಂದಿದ್ದೀರಾ?" ಅಂದ.

"ನಾನು ಬಿಂದಿಗೆ ತತ್ತೀನಿ, ನೀನು ಬಂದು ಬಾಲ ಇಡ್ಕಾ" ಅಂದಳು ಪುಷ್ಪ. ವೇಣುವಿಗೇ ನಗು ತಡೆಯಲಾಗಲಿಲ್ಲ.

ಶನಿವಾರ ಗಾರ್ಮೆಂಟ್ಸಿಗೆ ರಜೆ ಹಾಕಿ ಬೆಳಿಗ್ಗೆ ಮತ್ತೆ ಬಂದಳು. ಲ್ಯಾಪ್‌ಟಾಪಿನ ಗುಣವೆಲ್ಲ ಈಗ ಅವಳಿಗೆ ಗೊತ್ತಾಗಿತ್ತು. ಪರದೆ ಮಂಕು, ಸ್ವಲ್ಪ ವಾಲಿಸಿದರೆ ಬಣ್ಣವೇ ಹೋಗುತ್ತದೆ. ಹಾಡು ಹಾಕಿದರೆ ತಗಡು ಬಡಿದ ಸದ್ದು. ಒಟ್ಟಿಗೆ ನಾಲ್ಕಾರು ಕೆಲಸ ಹೇಳಿದರೆ ಮುನಿಸಿಕೊಂಡು ನಿಂತುಬಿಡುತ್ತದೆ. ಆದರೆ ಬಿಲ್ಲು ಏರಿಸುವ ಕೆಲಸದಲ್ಲಿ ಸಂಜೆಯೂ ತಡವರಿಸಲಿಲ್ಲ, ಬೆಳಿಗ್ಗೆಯೂ ತಡವರಿಸಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಅದೊಂದೇ. ಆರು ಲೀಟರ್ ಕೊಡುತ್ತೆ ಅಂತ ತಂದ ಹಸು ಆರು ಲೀಟರ್ ಕೊಟ್ಟರೆ ಅದರಲ್ಲೇನು ಮೋಸ? ಹದಿನೈದು ಲೀಟರಿನ ಹಸು ಕಟ್ಟಿಕೊಂಡವರು ಅದರ ಮೇವಿಗೆ ಪಡುವ ಪಾಡನ್ನು ಅವಳು ಕಂಡಿದ್ದಳು.

"ಆಯ್ತು, ತಗೋತೀನಿ" ಅಂದಳು. ವೇಣು ಸೀಲು ಹಾಕಿದ ಡಬ್ಬ ತೆಗೆದ.

"ಅದಲ್ಲ, ಇದು."

"ಅಕ್ಕ, ಇದು ಆರು ತಿಂಗಳಿಂದ ಇಲ್ಲೇ ಬಿದ್ದೈತೆ. ಊರ ಹುಡುಗ್ರೆಲ್ಲ ಕೈಯಾಡಿಸವ್ರೆ. ಅದು ಹೊಸದು, ಇದೇ ಮಾಡೆಲ್ಲು!"

"ಕರೆದು ನೋಡಿದ ಅಸುನ ಬುಟ್ಟು ಅದರ ತಂಗಿನ ಯಾರಾದ್ರೂ ಒಡ್ಕೊಂಡು ಓಗ್ತಾರಾ? ಅದರ ಗುಣ ನಂಗೇನು ಗೊತ್ತು?"

ವೇಣು ತಲೆ ಚಚ್ಚಿಕೊಂಡ. ಹೊಸದಕ್ಕೂ ಇದಕ್ಕೂ ಏನು ವ್ಯತ್ಯಾಸ ಅಂತ ಹೇಳಿದ, ಸದಾ ಚಾರ್ಜಿಗೆ ಹಾಕಿಟ್ಟದ್ದರಿಂದ ಬ್ಯಾಟರಿ ಸೊರಗಿರಬಹುದು ಅಂತಲೂ ಹೇಳಿದ. ಬೇರೆಯದನ್ನು ದಾಟಿಸಲು ನೋಡುತ್ತಿದ್ದಾನೆ ಅಂತ ಪುಷ್ಪಳಿಗೆ ಅನಿಸಿತು. ಅವನು ಹೆಚ್ಚು ಹೇಳಿದಷ್ಟೂ ಅವಳ ಹಟ ಹೆಚ್ಚಿತು. ಕೊನೆಗೆ ವೇಣು ಕೈಮುಗಿದು, ಬೆಲೆಯಲ್ಲಿ ಒಂದಿಷ್ಟು ಇಳಿಸಿ, ಅದನ್ನೇ ಒರೆಸಿ ಕೊಟ್ಟ. ಗೆದ್ದೆ ಅಂದುಕೊಂಡು ಪುಷ್ಪ ಶ್ಯಾಮಲ ಮೇಡಂ ಹತ್ತಿರ ಹೋಗಿ ಬಿಲ್ಲಿನ ಕಟ್ಟು ಇಸಕೊಂಡು ಊರಿನ ಬಸ್ಸು ಹತ್ತಿದಳು.

ಗೆದ್ದಿರಲಿಲ್ಲ. ಭಾನುವಾರ ಮಧ್ಯಾಹ್ನ ಇಳಿಯುವ ಹೊತ್ತಿಗೆ ಕಟ್ಟು ಅರ್ಧ ಮುಗಿದಿತ್ತು, ಆಗ ಕರೆಂಟು ಹೋಯಿತು. ಹೋದರೆ ಹೋಗಲಿ, ಬ್ಯಾಟರಿ ಇದೆಯಲ್ಲ ಅಂತ ಅವಳು ಬಡಿಯುತ್ತಲೇ ಇದ್ದಳು. ಒಂದು ಟೀ ಕಾಯಿಸುವಷ್ಟು ಹೊತ್ತು ಆಗಿರಬಹುದು, ಪರದೆ ಕಪ್ಪಾಯಿತು. ಒತ್ತಿದಳು, ಮುಚ್ಚಿ ತೆರೆದಳು, ಮತ್ತೆ ಒತ್ತಿದಳು. ಬ್ಯಾಟರಿ ಸೊರಗಿರಬಹುದು ಅಂತ ವೇಣು ಹೇಳಿದ್ದು ಆಗ ನೆನಪಾಯಿತು.

ಜಗಲಿಯಲ್ಲಿ ಕೂತಿದ್ದ ಸುಧಾಕರ್ ಇದಕ್ಕೇ ಕಾದಿದ್ದವನಂತೆ ಒಳಗೆ ಬಂದ. ಲ್ಯಾಪ್‌ಟಾಪನ್ನು ಎತ್ತಿ ತಿರುಗಿಸಿ ಗೀರುಗಳನ್ನು ನೋಡಿದ. ಅಂಗಡಿಯ ಬಳಸಿದ ಪೀಸು ಅಂತ ಗೊತ್ತಾದ ಮೇಲಂತೂ ಅವನ ಬಾಯಿ ಹಿಡಿಯುವವರಿಲ್ಲ.

"ಕಮ್ಮಿದು ಬೇಡ ಅಂತ ನಾನಂದೆ, ನೀನು ಕಮ್ಮಿದೇ ತಂದೆ. ಅದರಲ್ಲೂ ಹೊಸದು ಬಿಟ್ಟು ಹಳೇದು! ಹಸು ಕೊಟ್ಟು ಗೊಂಬೆ ತಂದಂಗಾಯ್ತು. ಕರೆಂಟು ಇನ್ನು ರಾತ್ರಿ ಹತ್ತಕ್ಕೇ. ಆ ಮೇಡಂಗೆ ಫೋನ್ ಮಾಡಿ ಆಗಲ್ಲ ಅಂತ ಹೇಳಿಬಿಡು, ಮರ್ಯಾದೆಯಾದ್ರೂ ಉಳಿಯುತ್ತೆ."

ನಾಳೆ ಬೆಳಗಿನ ರೈಲು, ನೂಕಾಟ, ಆ ಸೂಪರ್‌ವೈಸರನ ಮುಖ ಎಲ್ಲ ಒಟ್ಟಿಗೆ ಪುಷ್ಪಳ ಕಣ್ಣ ಮುಂದೆ ಬಂದವು. ಅವಳ ಅತ್ತೆ ಚಿಕ್ಕವೆಂಕಟಮ್ಮ ಮನೆಯ ಮಿಕ್ಕ ಹಸುಗಳ ಸಂಜೆ ಹಾಲಿನ ಕ್ಯಾನು ಹಿಡಿದು ಡೈರಿಗೆ ಹೊರಟು ನಿಂತಿದ್ದಳು. ಕ್ಯಾನು ನೋಡುತ್ತಿದ್ದಂತೆ ಪುಷ್ಪ ಎದ್ದುಬಿಟ್ಟಳು. ಊರಿಗೆಲ್ಲ ಕರೆಂಟು ಹೋದರೂ ಡೈರಿಯಲ್ಲಿ ಹಾಲಿನ ಫ್ಯಾಟ್ ನೋಡುವ ಮಿಷೀನು ನಿಲ್ಲುವುದಿಲ್ಲ. ಅದಕ್ಕೆ ದೊಡ್ಡ ಬ್ಯಾಟರಿ ಇಟ್ಟಿದ್ದಾರೆ.

"ಅತ್ತೆ, ನಾನೂ ಬತ್ತೀನಿ" ಅಂದವಳೇ ಲ್ಯಾಪ್‌ಟಾಪು, ವೈರು, ಬಿಲ್ಲಿನ ಕಟ್ಟು ಎಲ್ಲವನ್ನೂ ಸೆರಗಿನಲ್ಲಿ ಸುತ್ತಿಕೊಂಡಳು.

"ಊರ ಮುಂದೆ ಮಾನ ಕಳೀತೀಯ" ಅಂದ ಸುಧಾಕರ್.

"ಲೇ ಸುಧಾಕರ, ಅವಳ ಅಸು, ಅವಳ ದುಡ್ಡು, ನಿಂಗ್ಯಾಕ್ಲಾ ಒಟ್ಟೆನೋವು?" ಅಂದಳು ಚಿಕ್ಕವೆಂಕಟಮ್ಮ. "ಬಂದಿದ್ದೀಯ, ಮುದ್ದೆ ಉಂಡು ಮಲೀಕಾ."

ಡೈರಿಯ ಮುಂದೆ ಕ್ಯಾನುಗಳ ಸಾಲು ನಿಂತಿತ್ತು. ಸೆಕ್ರೆಟರಿ ವೆಂಕಟೇಶಪ್ಪ ವೈರು ನೋಡಿದವನೇ ಅಡ್ಡ ಕೈ ಹಿಡಿದ.

"ಏ, ಇದು ಆಲಿಗೆ ಮಡಗಿರೋ ಕರೆಂಟಮ್ಮ. ಸ್ವಂತ ಕೆಲಸಕ್ಕೆ ಕೊಟ್ರೆ ನಾಳೆ ಎಲ್ರೂ ಫೋನ್ ತಂದು ಸಿಕ್ಕಿಸ್ತಾರೆ."

"ಸಿಕ್ಕಿಸಲಿ ಬುಡಣ್ಣ" ಅಂದಳು ಪುಷ್ಪ. ಜಾಗ ಬಿಟ್ಟು ಕದಲಲಿಲ್ಲ. "ಅತ್ತು ವರ್ಷದಿಂದ ಈ ಸಾಲಲ್ಲಿ ನಮ್ಮ ಮನೆ ಆಲು ಬತ್ತಾ ಐತೆ. ಒಂದಿನ ನೀರು ಬೆರೆಸಿಲ್ಲ, ಒಂದಿನ ಜಗಳ ಆಡಿಲ್ಲ. ಇವತ್ತು ಆಡ್ತೀನಿ. ಈ ವೈರು ಸಿಕ್ಕಿಸದೆ ನಾನಿಲ್ಲಿಂದ ಏಳಾಕಿಲ್ಲ."

ವೆಂಕಟೇಶಪ್ಪ ಸಾಲಿನ ಕಡೆ ನೋಡಿದ. ಸಾಲಿನಲ್ಲಿದ್ದ ಹೆಂಗಸರು ಅವನ ಕಡೆ ನೋಡಿದರು. ಅದರಲ್ಲಿ ಇಬ್ಬರು ಪುಷ್ಪಳ ಜೊತೆ ಅದೇ ರೈಲಿನಲ್ಲಿ ನಿಂತು ಹೋಗುವವರು. "ಕೊಡಣ್ಣ, ನಮ್ಮ ಆಲೇನು ಕೆಟ್ಟೋಗಲ್ಲ" ಅಂದಳು ಒಬ್ಬಳು. ಅವನು ಗೊಣಗುತ್ತಾ ಒಂದು ಪ್ಲಗ್ಗು ಬಿಡಿಸಿಕೊಟ್ಟ.

ಪುಷ್ಪ ಹಾಲಿನ ಕ್ರೇಟೊಂದನ್ನು ಬೋರಲು ಹಾಕಿ ಕೂತಳು. ತೊಡೆಯ ಮೇಲೆ ಲ್ಯಾಪ್‌ಟಾಪು, ಪಕ್ಕದಲ್ಲಿ ಫ್ಯಾಟ್ ಮಿಷೀನು, ಸುತ್ತ ಹಸಿ ಹಾಲಿನ ವಾಸನೆ. ಮಂಕು ಪರದೆ ಹೊತ್ತಿಕೊಂಡಿತು. ಮಧ್ಯಾಹ್ನ ಮಾಡಿದ್ದರಲ್ಲಿ ಕೊನೆಯ ಒಂದಿಷ್ಟು ಹೋಗಿತ್ತು, ಮತ್ತೆ ಬಡಿದಳು. ಹಾಲು ಹಾಕಿದವರು ಮನೆಗೆ ಹೋಗದೆ ಅವಳ ಸುತ್ತ ನಿಂತು ನೋಡಿದರು. "ಎಷ್ಟು ಜೋರಾಗಿ ಓಡ್ತವೆ ಬೆರಳು" ಅಂದರು. ಅವಳು ತಲೆ ಎತ್ತಲಿಲ್ಲ. ಹಾಲಿನ ವ್ಯಾನು ಬಂದು ಕ್ಯಾನುಗಳನ್ನು ತುಂಬಿಕೊಂಡು ಹೋಗುವ ಹೊತ್ತಿಗೆ ಕಟ್ಟು ಮುಗಿದಿತ್ತು. ಫೋನಿನ ನೆಟ್ಟಿನಿಂದ ಕಳಿಸಿ, ಗೋಡೆಗೆ ಒರಗಿ ಕೂತಳು.

ಶ್ಯಾಮಲ ಮೇಡಂ ಫೋನು ಬಂದದ್ದು ಮನೆ ಸೇರಿದ ಮೇಲೆ. "ಎರಡು ಕಡೆ ತಪ್ಪಿದೆ ಪುಷ್ಪ. ನಾಳೆ ಬೆಳಿಗ್ಗೆ ಆಫೀಸಿಗೆ ಬಾ, ತೋರಿಸ್ತೀನಿ. ಹಾಗೇ ಮುಂದಿನ ಕಟ್ಟುಗಳನ್ನ ತಗೊಂಡು ಹೋಗು."

ಸೋಮವಾರ ಬೆಳಿಗ್ಗೆ ಪುಷ್ಪ ಸುಧಾಕರನ ಬೈಕಿನಲ್ಲೇ ಬಂಗಾರಪೇಟೆಗೆ ಬಂದಳು. ಸ್ಟೇಷನ್ನಿನಲ್ಲಿ ಬೈಕು ನಿಲ್ಲಿಸಿ ಅವನು ರೈಲು ಹತ್ತಿದ. ಅವಳು ಪ್ಲಾಟ್‌ಫಾರಂ ಮೇಲೆಯೇ ನಿಂತಳು. ಹೆಂಗಸರ ಬೋಗಿಯಿಂದ "ಪುಷ್ಪಾ, ಬೇಗ ಬಾರೇ, ರೈಲು ಬುಡ್ತಾನೆ!" ಅಂತ ಕೂಗಿದರು. "ನೀವು ಓಗ್ರೇ" ಅಂತ ಕೈ ಬೀಸಿದಳು.

ಸುಧಾಕರ್ ಕಿಟಕಿಯಿಂದ ತಲೆ ಹಾಕಿ ಕೊನೆಯ ಮಾತೂ ಹೇಳಿದ. "ಒಂದು ಕಟ್ಟು ಮುಗಿಸಿದ್ಯಲ್ಲ, ಅಷ್ಟೇ. ಮೋಸ ಹೋಗಿದ್ದು ಹೋಗಿದ್ದೇ. ಆ ಬ್ಯಾಟರಿ ಬದಲಾಯಿಸೋಕೆ ಮತ್ತೆ ಸುರಿಬೇಕು, ನೋಡ್ತಿರು."

"ಸುರೀತೀನಿ ಬಾವ, ದುಡಿದು ಸುರೀತೀನಿ" ಅಂದಳು ಪುಷ್ಪ. "ಒಸದು ಬುಟ್ಟು ಅಳೇದು ತಂದಿದ್ದು ನಂದೇ ತಪ್ಪು. ವೇಣು ಏಳ್ದ, ನಾನು ಕೇಳ್ಲಿಲ್ಲ. ಆದ್ರೆ ನನ್ನ ಅಸು ಮಾರಿ ನಾನೇ ಮಾಡಿದ ತಪ್ಪು ಅದು. ನಿಮ್ಮ ಮಾತು ಕೇಳಿದ್ರೆ ತಪ್ಪೇ ಆಯ್ತಿರಲಿಲ್ಲ, ಇವತ್ತೂ ಈ ರೈಲಲ್ಲಿ ನಿಂತಿರ್ತಿದ್ದೆ."

ರೈಲು ಹೊರಟಿತು. ಹೆಂಗಸರ ಬೋಗಿ ದಾಟಿ ಹೋಗುವವರೆಗೂ ಅವಳು ನಿಂತೇ ಇದ್ದಳು. ಆಮೇಲೆ ಪ್ಲಾಟ್‌ಫಾರಂನ ಬೆಂಚೊಂದು ಖಾಲಿ ಕಂಡಿತು. ಹತ್ತು ವರ್ಷದಲ್ಲಿ ಆ ಸ್ಟೇಷನ್ನಿನಲ್ಲಿ ಒಂದು ದಿನವೂ ಕೂತವಳಲ್ಲ. ಲ್ಯಾಪ್‌ಟಾಪಿನ ಚೀಲವನ್ನು ಪಕ್ಕಕ್ಕಿಟ್ಟುಕೊಂಡು, ಮೇಡಂ ಆಫೀಸು ತೆರೆಯುವವರೆಗೂ ಪುಷ್ಪ ಅಲ್ಲೇ ಕೂತಳು.