ಕೂಗು ಕೊಟ್ಟವಳು

“ಯಾವನಲೇ ಅವ್ನು, ಮುಂದಿನ ಸಾಲಲ್ಲಿ ಕುಂಡಿ ಊರಿರೋನು? ಏಳೋ ಮೇಲೆ! ಆ ಬಿಳೀ ಬಟ್ಟೆ ಮಸಿಯಾದ್ರೆ ನಿಮ್ಮವ್ವ ಬಂದು ಒಗೀತಾಳೇನೋ?”

ಸಭಾಂಗಣದ ಉಸ್ತುವಾರಿಯವನ ಗಂಟಲು ದೊಡ್ಡದು. ಕೂತವರೆಲ್ಲ ಕತ್ತು ಹೊರಳಿಸಿ ನೋಡಿದರು. ಕೆಂಡ ಎದ್ದು ನಿಂತ. ಲಾಂಡ್ರಿಯ ಬಾಯ್ಲರಿಗೆ ಸೌದೆ ತುಂಬುವವನಾದ್ದರಿಂದ ಓಣಿಯವರು ಇಟ್ಟ ಹೆಸರು ಅದು. ಎಷ್ಟು ತಿಕ್ಕಿ ತೊಳೆದರೂ ಉಗುರು ಸಂದಿಯ ಮಸಿ ಹೋಗುತ್ತಿರಲಿಲ್ಲ. ಪಕ್ಕದ ಕುರ್ಚಿಯಲ್ಲಿ ಅವನ ಅವ್ವ ಬಲಗೈಯನ್ನು ಹೊದ್ದ ಬಟ್ಟೆಯೊಳಗೆ ಅಡಗಿಸಿಕೊಂಡು ಕೂತಿದ್ದಳು. ಅವಳೂ ಎದ್ದಳು. ಕುರ್ಚಿಗೆ ಹೊದಿಸಿದ ಬಿಳಿ ಬಟ್ಟೆಯ ಮೂಲೆಯಲ್ಲಿ ನೀಲಿ ದಾರದ ಗುರುತಿತ್ತು. ಅದು ಅವರದೇ ಲಾಂಡ್ರಿಯ ಗುರುತು. ಕೈ ಸರಿಯಿದ್ದ ಕಾಲದಲ್ಲಿ ಅಂಥ ಬಟ್ಟೆಗಳನ್ನು ಅವ್ವ ರಾಶಿಗಟ್ಟಲೆ ಮಡಿಸಿದ್ದಳು.

“ಅವಳೇ ಒಗೆಯೋದು” ಅನ್ನುವ ಮಾತು ಕೆಂಡನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಕಾರ್ಯಕ್ರಮ ನಡೆಸುವ ಹೆಂಗಸು ಓಡಿಬಂದಳು.

“ಅಯ್ಯಯ್ಯೋ, ಅವ್ರನ್ನ ಏಳಿಸ್ಬೇಡ್ರೀ! ಅವ್ರು ಫಲಾನುಭವಿಗಳು!”

“ಹಂಗಂತ ಮೊದ್ಲೇ ಬೊಗಳೋಕೆ ಏನಾಗಿತ್ತು ಇವ್ನಿಗೆ?” ಎಂದು ಗೊಣಗುತ್ತ ಉಸ್ತುವಾರಿಯವನು ಬಾಗಿಲ ಕಡೆ ನಡೆದ. ಆಕೆ ಅವಸರದಲ್ಲಿ, ಮುಖವನ್ನೂ ನೋಡದೆ, ಇಬ್ಬರ ಎದೆಗೂ ಒಂದೊಂದು ಬಣ್ಣದ ಬಿಲ್ಲೆ ಚುಚ್ಚಿದಳು. ಅದರ ಮೇಲೂ ಅದೇ ಅಕ್ಷರ: ಫಲಾನುಭವಿ.

“ಹಂಗಂದ್ರೆ ಏನೋ?” ಅವ್ವ ಪಿಸುಗುಟ್ಟಿದಳು.

“ಹಣ್ಣು ತಿಂದೋರು ಅಂತ.”

“ಎಲ್ಲಿ ಕೊಟ್ರು?”

ಕೆಂಡನಿಗೆ ನಗು ಬಂತು. ಬಹಳ ದಿನಗಳ ಮೇಲೆ ಬಂದ ನಗು. “ಇನ್ಮೇಲೆ ಕೊಡ್ತಾರೆ ಕೂತ್ಕೊ. ಕೇಸು ಮುಗೀಲಿ.”

ವೇದಿಕೆಯ ಮೇಲಿನ ಬಟ್ಟೆಯಲ್ಲಿ ಅವರ ವಕೀಲನ ಚಿತ್ರ, ಬಾಗಿಲಿನಷ್ಟು ಎತ್ತರ. ಬಡವರ ಪರವಾಗಿ ಬಿಡಿಗಾಸು ಮುಟ್ಟದೆ ವಾದಿಸುವ ವಕೀಲರಿಗೆ ಸನ್ಮಾನ. ಓಣಿಯಲ್ಲಿ ಅವನನ್ನು ಲಾಯರಪ್ಪ ಅನ್ನುತ್ತಿದ್ದರು. ಹಾಗೆ ಕರೆಯಲು ಶುರು ಮಾಡಿದವನೇ ಕೆಂಡ.

ಅವ್ವನ ಕೈ ಹೋದದ್ದು ರೋಲರಿನಲ್ಲಿ. ಹೋಟೆಲುಗಳ ಹಾಸಿಗೆ ಬಟ್ಟೆಗಳನ್ನು ಒಂದು ಕಡೆಯಿಂದ ಒದ್ದೆಯಾಗಿ ನುಂಗಿ ಇನ್ನೊಂದು ಕಡೆಯಿಂದ ಗರಿಗರಿಯಾಗಿ ಉಗುಳುವ ಬಿಸಿ ಉರುಳೆ ಅದು. ಬೆರಳು ಹತ್ತಿರ ಹೋದರೆ ತಾನೇ ನಿಲ್ಲಲಿ ಎಂದು ಹಾಕಿದ್ದ ತಡೆಪಟ್ಟಿಯನ್ನು ಮೇಸ್ತ್ರಿ ಕಿತ್ತು ಹಾಕಿಸಿದ್ದ. ಪದೇಪದೇ ನಿಲ್ಲುತ್ತೆ, ಕೆಲಸ ಸಾಗಲ್ಲ ಅಂತ. ಅದರ ಬಿಸಿಗೆ ಹಬೆ ಹೋಗುತ್ತಿದ್ದದ್ದು ಕೆಂಡನ ಬಾಯ್ಲರಿನಿಂದ. ಅವತ್ತು ಗೋಡೆಯಾಚೆ ಅವ್ವ ಕೂಗಿಕೊಂಡಾಗ ಅವನು ಸೌದೆ ತಳ್ಳುತ್ತಲೇ ಇದ್ದ. ಬಾಯ್ಲರಿನ ಸದ್ದಿನಲ್ಲಿ ಹೆತ್ತವಳ ದನಿಯೂ ಕೇಳಿಸುವುದಿಲ್ಲ.

ಆದರೆ ಅವ್ವ ರೋಲರಿನವಳಲ್ಲ, ಮಡಿಸುವ ಮೇಜಿನವಳು. ಅವತ್ತು ಅಲ್ಲಿ ನಿಲ್ಲಬೇಕಾಗಿದ್ದವಳು ಪಕ್ಕದ ಮನೆಯ ಉದ್ದತ್ತೆ. ಬಾಗಿಲು ದಾಟುವಾಗೆಲ್ಲ ತಲೆ ತಗ್ಗಿಸಬೇಕಾದ ಹೆಂಗಸು. ಅವಳ ಮಗಳಿಗೆ ಅವತ್ತು ಹೆರಿಗೆ ನೋವು ಶುರುವಾಗಿತ್ತು. ರಜೆ ಕೇಳಿದರೆ ಕೆಲಸವೇ ರಜೆ. ಅದಕ್ಕೆ ಲಾಂಡ್ರಿಯ ಹೆಂಗಸರು ತಮ್ಮೊಳಗೇ ಒಂದು ದಾರಿ ಮಾಡಿಕೊಂಡಿದ್ದರು. ಮೇಸ್ತ್ರಿ ಬೆಳಿಗ್ಗೆ ಹಾಜರಿ ಕೂಗುವಾಗ ತಲೆ ಎತ್ತಿ ನೋಡುವವನಲ್ಲ. ಹೆಸರು ಕೂಗುತ್ತಾನೆ, “ಬಂದೆ” ಅನ್ನುವ ದನಿ ಕೇಳಿದರೆ ಸಾಕು, ಗೀಚುತ್ತಾನೆ. ಹೀಗಾಗಿ ಯಾರಿಗೆ ಜ್ವರವೋ, ಯಾರ ಮನೆಯಲ್ಲಿ ಸಾವೋ, ಅವರ ಹೆಸರಿಗೆ ಇನ್ನೊಬ್ಬಳು “ಬಂದೆ” ಅಂದು, ತನ್ನ ಕೆಲಸದ ಜೊತೆಗೆ ಅವಳ ಕೆಲಸವನ್ನೂ ಬಾಚಿ ಹಾಕುತ್ತಿದ್ದಳು. ಅದಕ್ಕೆ ಕೂಗು ಕೊಡುವುದು ಅನ್ನುತ್ತಿದ್ದರು. ಯಾರು ಯಾರಿಗೆ ಕೂಗು ಕೊಟ್ಟರು ಅನ್ನುವುದು ಲಾಂಡ್ರಿಯ ಗೋಡೆ ದಾಟಬಾರದು. ಗಂಡಂದಿರಿಗೂ ಹೇಳುತ್ತಿರಲಿಲ್ಲ. ಅವ್ವನ ಕೈ ಹೋದಾಗಲೂ, ಬಟ್ಟೆ ಎತ್ತಲು ಹೋಗಿ ಸಿಕ್ಕಿಕೊಂಡಳು ಅಂತಲೇ ಮೇಸ್ತ್ರಿಗೆ ಹೇಳಿದ್ದರು.

ಕೆಂಡ ಹೇಳಿದ. ವಕೀಲನಿಗೆ.

ವಕೀಲನ ಕೋಣೆಯಲ್ಲಿ ಗೋಡೆ ತುಂಬ ದಪ್ಪ ಪುಸ್ತಕ, ತಲೆಯ ಮೇಲೆ ಸದ್ದಿಲ್ಲದ ಫ್ಯಾನು. ಅವ್ವ ಹೊರಗಿನ ಬೆಂಚಿನ ಮೇಲೆ ತಲೆ ತುಂಬ ಬಟ್ಟೆ ಹೊದ್ದು ಕೂತಿದ್ದಳು. ಒಳಗೆ ಬರಲು ಸಂಕೋಚ. ವಕೀಲ ಅವಳನ್ನು ಬಾಗಿಲ ಸಂದಿಯಿಂದ ಒಮ್ಮೆ ನೋಡಿ “ಪಾಪ” ಅಂದ. ಆಮೇಲೆ ಕೆಂಡನಿಗೆ ಕುರ್ಚಿ ತೋರಿಸಿದ. ಮಸಿ ಬಟ್ಟೆಯ ಕೆಂಡ, ಕುರ್ಚಿಯ ಮೇಲೆ! ಅಲ್ಲೇ ಅವನು ಅರ್ಧ ಕರಗಿ ಹೋದ.

“ನೋಡು ತಮ್ಮಾ, ನನ್ ಹತ್ರ ಏನೂ ಮುಚ್ಚಿಡ್ಬೇಡ. ನೀನು ಮುಚ್ಚಿಟ್ಟಷ್ಟು ನಾನು ಕುರುಡ ಆಗ್ತೀನಿ.”

ಕೆಂಡ ಏನನ್ನೂ ಮುಚ್ಚಿಡಲಿಲ್ಲ.

“ಬೇರೆ ಹೆಂಗಸರೂ ಹೀಗೆ ಮಾಡ್ತಾರಾ? ಇದು ನಿಮ್ಮಲ್ಲಿ ನಡ್ಕೊಂಡು ಬಂದಿರೋ ಪದ್ಧತಿ ಅಂತ ತೋರ್ಸೋಕೆ ಬೇಕು.”

ಸಾಕ್ಷಿಗೆ ಬೇಕಾಗಬಹುದು ಅಂದುಕೊಂಡು ಕೆಂಡ ಒಬ್ಬೊಬ್ಬರದೇ ಹೆಸರು ಹೇಳಿದ. ಹೇಳುತ್ತ ಹೇಳುತ್ತ ಅವನಿಗೆ ಹೆಮ್ಮೆಯೂ ಆಯಿತು. ಇಂಥ ಹೆಂಗಸರು ಸಾರ್ ನಮ್ಮವರು, ಅಂದ. ವಕೀಲ ತಲೆದೂಗಿದ.

ಆಮೇಲೆ ಅವ್ವನಿಗೆ ಲಾಂಡ್ರಿಯಲ್ಲಿ ಕೂತು ಮಾಡುವ ಕೆಲಸ ಸಿಕ್ಕಿತು. ಬಟ್ಟೆಯಿಂದ ಕಿತ್ತು ನೆಲಕ್ಕೆ ಬಿದ್ದ ಅಂಗಿ ಗುಂಡಿಗಳನ್ನು ಎಡಗೈಯಲ್ಲಿ ಆರಿಸಿ ಡಬ್ಬಿಗೆ ಹಾಕುವುದು. “ಕೇಸು ಮುಗಿಯೋವರೆಗೂ ಮಾಡ್ತಿರಲಿ” ಎಂದು ವಕೀಲ ಹೇಳಿದ್ದ. ಅದರ ಬೆನ್ನಿಗೇ ಉದ್ದತ್ತೆಯನ್ನೂ ಇನ್ನೊಂದಷ್ಟು ಹೆಂಗಸರನ್ನೂ ಗೇಟಿನಲ್ಲೇ ತಡೆದು ವಾಪಸು ಕಳಿಸಿದರು. ಕಾರಣ ಕೇಳಿದ್ದಕ್ಕೆ ಮೇಸ್ತ್ರಿ ಹಲ್ಲು ಕಿಸಿದ. “ಇಷ್ಟು ದಿನ ನನ್ ಕಿವಿಗೆ ಹೂವ ಇಟ್ರಲ್ಲೇ ಮುಂಡೇರಾ! ಯಾರ್ಯಾರು ಯಾರ್ಯಾರಿಗೆ ಬಂದೆ ಬಂದೆ ಅಂತಿದ್ರಿ, ಎಲ್ಲಾ ಗೊತ್ತಾಗಿದೆ. ನಡೀರಿ!”

ಹೋದವರೆಲ್ಲ ಕೆಂಡ ಹೆಸರು ಹೇಳಿದವರೇ. ಉಳಿದವಳು ಅವ್ವ ಒಬ್ಬಳು. ಓಣಿಗೆ ಲೆಕ್ಕ ಹಾಕಲು ಇನ್ನೇನು ಬೇಕು? ನಲ್ಲಿಯ ಹತ್ತಿರ ಅವ್ವ ಬಂದರೆ ಬಿಂದಿಗೆಗಳು ಸರಿದು ಜಾಗ ಬಿಡುತ್ತಿದ್ದವು, ರೋಗದವಳಿಗೆ ಬಿಟ್ಟ ಹಾಗೆ. ಉದ್ದತ್ತೆ ಒಂದೇ ಒಂದು ಮಾತಾಡಿದಳು, ಅದೂ ಅವರ ಹೊಸ್ತಿಲಿಗೆ ಉಗಿದು: “ಗುಂಡಿ ಆರ್ಸೋ ಕೆಲ್ಸಕ್ಕೆ ನಮ್ಮನ್ನ ಮಾರಿದ್ಯೇನೇ?”

ಆ ಸಂಜೆ ಅವ್ವ ಮಗನ ಮುಖ ನೋಡದೆ ಕೇಳಿದ್ದಳು. “ನೀನೇನಾದ್ರೂ ಬಾಯಿ ಬಿಟ್ಯೇನೋ?”

“ಲಾಯರಪ್ಪನ ಹತ್ರ ಬಿಟ್ಟು ಯಾರ ಹತ್ರಾನೂ ಇಲ್ಲ.”

“ಹಂಗಾದ್ರೆ ಸರಿ. ಅವ್ರು ನಮ್ಮೋರು.”

ಕೆಂಡನಿಗೆ ಒಂದು ಅನುಮಾನ ಸುಳಿದಿತ್ತು. ಛೇ, ಕಾಸು ಮುಟ್ಟದ ಮನುಷ್ಯ ಅಂತ ಅದನ್ನು ಅಲ್ಲೇ ಅದುಮಿದ್ದ.

ಈಗ ಚಪ್ಪಾಳೆ ಶುರುವಾಯಿತು. ವೇದಿಕೆಯ ಮೇಲೆ ವಕೀಲ ಬಂದು ಕೂತ. ಅವನ ಪಕ್ಕದ ಕುರ್ಚಿಗೆ ಬಂದವನನ್ನು ಕಂಡು ಅವ್ವ ಕೆಂಡನ ತೊಡೆ ಹಿಡಿದಳು. ಲಾಂಡ್ರಿಯ ಯಜಮಾನ. ಅವನ ಹಿಂದೆ, ಮೊದಲ ಸಾಲಿನ ಆ ತುದಿಯಲ್ಲಿ ಕೂರಲು ಮೇಸ್ತ್ರಿಯೂ ಬಂದ, ತಲೆಗೆ ಎಣ್ಣೆ ಮೆತ್ತಿಕೊಂಡು.

“ಇವ್ನ್ಯಾಕೆ ಇಲ್ಲಿ?”

“ನೋಡಣ ಇರವ್ವಾ.”

ಹಿಂದಿನ ಬಾಗಿಲಿನಿಂದ ಚಹಾ ಲೋಟಗಳ ತಟ್ಟೆ ಹಿಡಿದು ಒಬ್ಬಳು ತಲೆ ತಗ್ಗಿಸಿ ಒಳಗೆ ಬಂದಳು. ಉದ್ದತ್ತೆ. ಲಾಂಡ್ರಿ ಬಿಟ್ಟ ಮೇಲೆ ಇಲ್ಲಿ ಲೋಟ ತೊಳೆಯುವ ಕೂಲಿ ಹಿಡಿದಿದ್ದಾಳೆ ಅಂತ ಕೆಂಡ ಕೇಳಿದ್ದ. ಅವಳು ಇಬ್ಬರ ಎದೆಯ ಮೇಲಿನ ಬಿಲ್ಲೆಯನ್ನೂ ನೋಡಿದಳು. ಮುಂದಿನ ಸಾಲಿಗೆಲ್ಲ ಚಹಾ ಕೊಟ್ಟು, ಇವರಿಬ್ಬರನ್ನು ಬಿಟ್ಟು ಮುಂದೆ ಹೋದಳು.

ಯಜಮಾನ ಮೈಕು ಹಿಡಿದ. “ತಮಾಷೆ ಗೊತ್ತಾ? ಇವ್ರು ನನ್ ಮೇಲೇ ಕೇಸು ಹಾಕಿದ ವಕೀಲ್ರು! ಇವತ್ತು ಇವ್ರ ಸನ್ಮಾನಕ್ಕೆ ಖರ್ಚು ಹಾಕ್ತಿರೋನು ನಾನೇ!” ಸಭೆ ನಕ್ಕಿತು. “ಯಾಕೆ ಅಂದ್ರೆ, ಜಗಳ ಹಚ್ಚೋ ವಕೀಲ್ರನ್ನ ಬೇಕಾದಷ್ಟು ನೋಡಿದೀನಿ. ಜಗಳ ಬಿಡಿಸೋರನ್ನ ನೋಡಿದ್ದು ಇದೇ ಮೊದ್ಲು.”

ಆಮೇಲೆ ವಕೀಲ ಎದ್ದ. ಕೋಣೆಯಲ್ಲಿದ್ದ ಅದೇ ಮೆತ್ತನೆಯ ದನಿ.

“ಬಡವರ ಮುಗ್ಧತೆ ದೊಡ್ಡದು. ಆ ತಾಯಿ ಬೇರೆಯವಳ ಹೆಸರಲ್ಲಿ ಸುಳ್ಳು ಹಾಜರಿ ಹಾಕಿ, ತನ್ನದಲ್ಲದ ಯಂತ್ರಕ್ಕೆ ಕೈ ಕೊಟ್ಟಿದ್ಲು. ವಾದ ಮುಂದುವರಿಸಿದ್ರೆ ಅವಳೇ ಸಿಕ್ಕಿಬೀಳ್ತಿದ್ಲು. ಅದಕ್ಕೆ ದಾವೆಯನ್ನ ನಾನೇ ಹಿಂದಕ್ಕೆ ತಗೊಂಡೆ. ಯಜಮಾನರ ಮನೇಲಿ ಕೂತು, ಮುಚ್ಚುಮರೆ ಇಲ್ಲದೆ ಇದ್ದದ್ದನ್ನ ಇದ್ದ ಹಾಗೆ ಹೇಳಿದೆ. ಯಾರ್ಯಾರು ಹೀಗೆ ಮಾಡ್ತಾರೆ ಅನ್ನೋದನ್ನೂ ಹೇಳಿದೆ. ಪ್ರಾಮಾಣಿಕತೆ ಎರಡೂ ಕಡೆ ಇರಬೇಕಲ್ಲ? ಅವರದು ದೊಡ್ಡ ಮನಸ್ಸು. ಆಕೆಗೆ ಕೂತು ಮಾಡೋ ಕೆಲಸ ಕೊಟ್ರು. ಕೋರ್ಟಲ್ಲಿ ವರ್ಷಗಟ್ಟಲೆ ಎಳೆದಾಡೋದು ಒಂದು ಸಂಜೇಲಿ ಮುಗೀತು!”

ಚಪ್ಪಾಳೆ. ಮೇಸ್ತ್ರಿ ಎಲ್ಲರಿಗಿಂತ ಜೋರಾಗಿ ತಟ್ಟಿದ.

ಅವ್ವ ಕೇಳಿದಳು, “ಮುಗೀತು ಅಂದ್ರೆ?”

ಕೆಂಡ ತನ್ನ ಎದೆಯ ಮೇಲಿನ ಬಿಲ್ಲೆ ನೋಡಿಕೊಂಡ.

“ನನ್ ಕೈಗೆ ಏನೂ ಇಲ್ವಾ?”

ಅವನು ಇಲ್ಲ ಅಂತ ತಲೆ ಆಡಿಸಿದ. ಕಿವಿಯೊಳಗೆ ಬಾಯ್ಲರು ಹೊತ್ತಿಕೊಂಡ ಹಾಗೆ ಬುರಬುರ ಸದ್ದು. ಕುರ್ಚಿ ತೋರಿಸಿದ ಆ ಕೈ, ತಮ್ಮಾ ಅಂದ ಆ ಬಾಯಿ. ತಾನು ಹೇಳಿದ ಒಂದೊಂದು ಹೆಸರೂ ಆ ಬಾಯಿಂದ ಯಜಮಾನನ ಮನೆಯ ಸೋಫಾದ ಮೇಲೆ ಉದುರುವುದು ಅವನ ಕಣ್ಣಿಗೆ ಕಟ್ಟಿತು, ನೆಲಕ್ಕೆ ಬಿದ್ದ ಗುಂಡಿಗಳ ಹಾಗೆ. ಸೂಳೆಮಗ ಪುಕ್ಕಟೆ ಮಾಡಿದ್ದು ಯಾರ ಕೆಲಸವನ್ನು?

ಹಿಂದೆ ಲೋಟಗಳು ಕಿಣಿಕಿಣಿ ಅಂದವು. ಕೆಂಡ ತಿರುಗಿದ. ಉದ್ದತ್ತೆ ತಟ್ಟೆ ಹಿಡಿದು ನಿಂತಲ್ಲೇ ನಿಂತಿದ್ದಳು. ಅವಳೂ ಕೇಳಿಸಿಕೊಂಡಿದ್ದಳು. ಅವನನ್ನು ನೋಡಿದಳು, ಅವ್ವನನ್ನು ನೋಡಿದಳು. ಆಮೇಲೆ ತಟ್ಟೆಯನ್ನು ಯಾರೋ ದೊಡ್ಡ ಮನುಷ್ಯನ ತೊಡೆಯ ಮೇಲೆ ಇಟ್ಟಳು. ಅವನು ಹೌಹಾರಿ ಹಿಡಿದುಕೊಂಡ.

“ಈಗ ನಮ್ಮ ಫಲಾನುಭವಿ ತಾಯಿಯೇ ತಮ್ಮ ಹಸ್ತದಿಂದ ವಕೀಲರಿಗೆ ಫಲಕ ಕೊಡ್ತಾರೆ!” ಕಾರ್ಯಕ್ರಮದ ಹೆಂಗಸು ಮೈಕಿನಲ್ಲಿ ಅವ್ವನ ಹೆಸರು ಕೂಗಿದಳು.

ಅವ್ವ ಏಳಲಿಲ್ಲ. ಮೈಕಿನವಳು ಇನ್ನೊಮ್ಮೆ ಕೂಗಿದಳು.

“ಬಂದೆ!”

ಸಭಾಂಗಣದ ಹಿಂಭಾಗದಿಂದ ಬಂದ ದನಿ. ಉದ್ದತ್ತೆ ಒದ್ದೆ ಕೈಯನ್ನು ಸೊಂಟಕ್ಕೆ ಒರೆಸಿಕೊಳ್ಳುತ್ತ ಕುರ್ಚಿಗಳ ನಡುವೆ ದಾಪುಗಾಲು ಹಾಕುತ್ತ ಬಂದಳು, ಮೆಟ್ಟಿಲು ಹತ್ತಿದಳು.

ವಕೀಲ ಎರಡು ಹೆಜ್ಜೆ ಮುಂದೆ ಬಂದು ಅವಳ ಬಲಗೈಯನ್ನೇ ಹಿಡಿದು ಕುಲುಕಿದ. “ಬನ್ನಿ ಅಮ್ಮಾ, ಬನ್ನಿ. ಹೇಗಿದೀರಾ?”

“ನೀವಿರೋವಾಗ ಏನಾಗುತ್ತೆ ಸ್ವಾಮೀ.”

ಗಾಜಿನ ಫಲಕ ಮಗುವಿನಷ್ಟು ಭಾರ. “ಎರಡೂ ಕೈಲಿ ಹಿಡ್ಕೊಳ್ಳಿ ಅಮ್ಮಾ, ನಗಿ!” ಅಂದ ಫೋಟೋದವನು. ಉದ್ದತ್ತೆ ಎರಡೂ ಕೈಯಲ್ಲಿ ಹಿಡಿದಳು, ನಕ್ಕಳು. ಮೈಕಿನವಳ ದನಿ ಉಬ್ಬಿತು. “ನೋಡಿ, ಕೈ ಪೂರ್ತಿ ಗುಣವಾಗಿದೆ! ನ್ಯಾಯ ಅಂದ್ರೆ ಇದು!” ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಯಜಮಾನನೂ ತಟ್ಟಿದ. ತನ್ನ ರೋಲರು ತಿಂದ ಕೈ ಯಾವುದು ಅಂತ ಅವನಿಗೂ ಗೊತ್ತಿರಲಿಲ್ಲ.

ಮೇಸ್ತ್ರಿ ಮಾತ್ರ ತಟ್ಟುತ್ತಿದ್ದವನು ನಿಲ್ಲಿಸಿದ. “ಸಾರ್... ಸಾರ್! ಇವಳು ಆ ಹೆಂಗ್ಸಲ್ಲ! ಇವಳನ್ನ ನಾವು ಕೆಲ್ಸದಿಂದ ತೆಗೆದು ಹಾಕಿದೀವಿ!”

ಚಪ್ಪಾಳೆ ಅಲ್ಲಲ್ಲೇ ಬತ್ತಿತು. ಉದ್ದತ್ತೆ ಮೈಕಿನತ್ತ ಬಾಗಿದಳು.

“ಇಷ್ಟು ವರ್ಷಕ್ಕೆ ಇವತ್ತು ತಲೆ ಎತ್ತಿ ನೋಡ್ದಲ್ಲೋ ಮೇಸ್ತ್ರಿ! ಹೆಸ್ರು ಕೂಗಿದ್ರು, ಕೂಗು ಕೊಟ್ಟೆ. ಅವತ್ತು ನನ್ ಹೆಸ್ರಿಗೆ ಅವಳು ಕೊಟ್ಲು, ಕೈ ಹೋಯ್ತು. ಇವತ್ತು ಅವಳ ಹೆಸ್ರಿಗೆ ನಾನು ಬಂದಿದೀನಿ. ಏನ್ ಕಿತ್ಕೊಳ್ತೀರೋ ಕಿತ್ಕೊಳ್ಳಿ.”

ವಕೀಲ ಫಲಕದ ಈ ಅಂಚು ಹಿಡಿದ. ಅವಳು ಆ ಅಂಚು ಬಿಡಲಿಲ್ಲ. ಮುಖದ ನಗು ಹಾಗೇ ಇಟ್ಟುಕೊಂಡು ಅವನು ಸ್ವಲ್ಪ ಎಳೆದ. ಅವಳು ಒದ್ದೆ ಹಾಸಿಗೆ ಬಟ್ಟೆಗಳನ್ನು ಹಿಂಡಿ ಪಳಗಿದವಳು. ಫೋಟೋದವನು ತೆಗೆಯುವುದೋ ಬಿಡುವುದೋ ತಿಳಿಯದೆ ನಿಂತ. ಕೊನೆಗೆ ವಕೀಲ ಒಂದು ಕೈಯಲ್ಲಿ ಫಲಕವನ್ನೂ ಇನ್ನೊಂದರಲ್ಲಿ ಮೈಕನ್ನೂ ಹಿಡಿದು ಮೊದಲ ಸಾಲಿನತ್ತ ತಿರುಗಿದ. ಕೆಂಡನ ಗುರುತು ಅವನಿಗಿತ್ತು.

“ತಮ್ಮಾ, ಇಲ್ಲಿ ಏನೋ ಗೊಂದಲ ಆಗಿದೆ. ನನ್ ಹತ್ರ ಏನೂ ಮುಚ್ಚಿಡ್ಬೇಡ. ಎಲ್ಲರ ಮುಂದೆ ಹೇಳು. ನಿಮ್ಮವ್ವ ಯಾರು?”

ಸಭೆಯ ಕಣ್ಣುಗಳೆಲ್ಲ ಕೆಂಡನ ಬಾಯಿಯ ಮೇಲೆ ಬಿದ್ದವು. ಅವನು ಅವ್ವನ ಕಡೆ ನೋಡಿದ. ಅವಳು ಆಗಲೇ ಎದ್ದು ನಿಂತಿದ್ದಳು. ಅವಳ ಎದೆಯ ಬಿಲ್ಲೆ ಕಿತ್ತ, ತನ್ನದನ್ನೂ ಕಿತ್ತ. ಎರಡನ್ನೂ ನೀಲಿ ದಾರದ ಕುರ್ಚಿಯ ಮೇಲಿಟ್ಟ. ಇಬ್ಬರೂ ಕುರ್ಚಿಗಳ ನಡುವಿನ ದಾರಿಯಲ್ಲಿ ಬಾಗಿಲ ಕಡೆ ಹೊರಟರು.

“ತಮ್ಮಾ, ನಿನ್ನನ್ನೇ ಕೇಳ್ತಿರೋದು.”

ಅವ್ವ ನಡೆಯುತ್ತ ನಡೆಯುತ್ತ ಹೊದ್ದ ಬಟ್ಟೆಯೊಳಗಿಂದ ಬಲಗೈ ಹೊರಗೆ ತೆಗೆದಳು. ಬೆರಳಿಲ್ಲದ, ಬೆಂದು ಮುದುಡಿದ ಕೈ. ಎರಡೂ ಕಡೆಯ ಕುರ್ಚಿಯವರು ಕಾಲು ಒಳಗೆಳೆದುಕೊಂಡರು. ಬಾಗಿಲಲ್ಲಿದ್ದ ಉಸ್ತುವಾರಿಯವನು ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟ.

“ತಮ್ಮಾ!”

ಕೆಂಡ ತಿರುಗಲಿಲ್ಲ.